ಮೇಲಿನ ತಾರಸಿಗೆ ಸುಣ್ಣ

ನಾನು ಟೈಲರ್. ಬಾಯಿ ಮೊದಲಿಂದಲೂ ಜೋರು, ಮಷೀನು ಅದಕ್ಕಿಂತ ಜೋರು. ನನ್ನ ತಲೆಯ ಮೇಲಿನ ಮನೆಯಲ್ಲಿ, ಅಂದರೆ ಕಟ್ಟಡದ ಕೊನೆಯ ಮಹಡಿಯಲ್ಲಿ, ರಿಟೈರಾದ ಟೀಚರಜ್ಜಿ ಮಗಳೊಂದಿಗೆ ಇದ್ದರು. ಮಗಳು ನರ್ಸು, ಹಗಲೆಲ್ಲ ಡ್ಯೂಟಿ. ಮಧ್ಯಾಹ್ನ ಮಷೀನಿನ ಸದ್ದಿಗೆ ನಿದ್ದೆ ಕೆಟ್ಟರೆ ಅಜ್ಜಿ ಊರುಗೋಲಿನಿಂದ ನೆಲ ಬಡಿಯುತ್ತಿದ್ದರು. ನಾನು ಬಿಡುವವಳೇ? ಇನ್ನೂ ಜೋರಾಗಿ ತುಳಿಯುತ್ತಿದ್ದೆ. ಸಂಜೆ ಮೆಟ್ಟಿಲಲ್ಲಿ ಸಿಕ್ಕರೆ ಇಬ್ಬರೂ ಮುಖ ಸಿಂಡರಿಸಿಕೊಂಡೇ ಆರೋಗ್ಯ ವಿಚಾರಿಸುತ್ತಿದ್ದೆವು.

ಹೋದ ಬೇಸಿಗೆ, ತಾರಸಿ ಕಾದ ಹೆಂಚಿನಂತಾಗಿದ್ದ ಒಂದು ಮಧ್ಯಾಹ್ನ, ಅಜ್ಜಿ ಬಡಿದರು. ಶಾಲೆಯ ಸಮವಸ್ತ್ರದ ರಾಶಿ ನನ್ನ ತಲೆ ಮೇಲೆ ಕೂತಿತ್ತು. "ಬಡೀರಿ, ಬಡೀರಿ" ಎಂದು ಗೊಣಗಿ ಇನ್ನಷ್ಟು ತುಳಿದೆ. ಬಡಿತ ನಿಂತಿತು. ಗೆದ್ದೆ ಅಂದುಕೊಂಡೆ. ಸಂಜೆ ಮಗಳು ಬಾಗಿಲು ತೆಗೆದಾಗ ಅಜ್ಜಿ ಮಂಚದ ಪಕ್ಕ ನೆಲದ ಮೇಲೆ ಬಿದ್ದಿದ್ದರು. ಕೋಲು ಕೈಯಲ್ಲೇ ಇತ್ತು. ಸೆಕೆಗೆ ಜೀವ ಹೋಗಿದೆ ಎಂದರು ಡಾಕ್ಟರು.

ಅಂದಿನಿಂದ ಮಷೀನು ನಿಲ್ಲಿಸಿದರೆ ಸಾಕು, ಮೇಲಿನಿಂದ ಕೋಲು ಬಡಿಯುವ ಸದ್ದು ಕೇಳುತ್ತದೆ. ಹತ್ತಿ ಹೋದರೆ ಬಾಗಿಲಿಗೆ ಬೀಗ, ಮಗಳು ಡ್ಯೂಟಿಯಲ್ಲಿ, ಒಳಗೆ ಯಾರೂ ಇಲ್ಲ. ಬೀಗ ಮುಟ್ಟಿ ನೋಡಿ ಇಳಿದು ಬರುತ್ತಿದ್ದೆ. ಇಷ್ಟು ಜೋರು ಬಾಯಿಯವಳಿಗೆ ಅದೊಂದನ್ನು ಯಾರ ಹತ್ತಿರವೂ ಹೇಳಲಾಗಲಿಲ್ಲ.

ಈ ಸಲ ಬಿಸಿಲು ಏರುವ ಮೊದಲೇ ಸುಣ್ಣ, ಅಂಟು ತಂದು ತಾರಸಿಗೆ ಬಳಿಯತೊಡಗಿದೆ. ಬಿಳಿ ಬಳಿದರೆ ಬಿಸಿಲು ಒಳಗಿಳಿಯುವುದು ಕಡಿಮೆಯಂತೆ.

"ಟೈಲರಮ್ಮ ಬಿಲ್ಡಿಂಗಿಗೇ ಅಂಗಿ ಹೊಲಿಯೋಕೆ ಹೊರಟ್ರು!" ಎಂದು ಎದುರಿನ ಕ್ಷೌರದಂಗಡಿಯವನು ನಕ್ಕ.

"ಬಾಯಿ ಮುಚ್ಚಿ ಬ್ರಷ್ ಹಿಡಿ" ಎಂದೆ. ಹಿಡಿದ. ಮೂರು ಸಲ ಬಳಿದೆವು. ಪಕ್ಕದ ಎರಡು ಕಟ್ಟಡದವರು ಕರೆದರು, ಅಲ್ಲಿಗೂ ಹೋದೆವು. ಈಗ ದಿನಾ ಒಂದು ಗಂಟೆಗೆ ಕೆಲಸ ನಿಲ್ಲಿಸಿ, ಒಂಟಿಯಾಗಿರುವ ಮುದುಕರ ಬಾಗಿಲು ತಟ್ಟಿ, ನೀರು ಕುಡಿದಿರಾ ಎಂದು ಗದರಿಸಿ ಬರುತ್ತೇನೆ. ಬೀದಿಯೆಲ್ಲ ಹೊಗಳುತ್ತದೆ. ಹೊಗಳಿದಷ್ಟೂ ತಲೆಯ ಮೇಲಿನ ಸದ್ದು ಹೆಚ್ಚುತ್ತದೆ.

ನಿನ್ನೆ ಅಜ್ಜಿಯ ಮಗಳು ಕೆಳಗೆ ಬಂದಳು. "ಮನೆ ಎಷ್ಟು ತಂಪಾಗಿದೆ ಗೊತ್ತಾ ಅಕ್ಕಾ! ಅವತ್ತು ಅಮ್ಮ ಒಂದು ಸಲ ಕರೆದಿದ್ರೂ ನೀವು ಓಡಿ ಬರ್ತಿದ್ರಿ. ಯಾಕೋ ಕರೀಲೇ ಇಲ್ಲ ನೋಡಿ. ಅದೇ ನನಗೆ ಕೊರೀತಿದೆ."

ಸುಮ್ಮನಿದ್ದರೆ ಅವಳು ನನ್ನನ್ನು ಅಕ್ಕ ಎನ್ನುತ್ತಲೇ ಇರುತ್ತಿದ್ದಳು. ಆದರೆ ಸತ್ತ ತಾಯಿಯ ಮೇಲೆ ಆ ಬೇಸರ ಹೊತ್ತುಕೊಂಡೇ ಬದುಕಬೇಕಿತ್ತು.

"ಕರೆದಿದ್ರು ಕಣಮ್ಮಾ" ಎಂದೆ. ಕೋಲು ಬಡಿದದ್ದು, ನಾನು ಮಷೀನು ಜೋರು ಮಾಡಿದ್ದು, ಗೆದ್ದೆ ಅಂದುಕೊಂಡದ್ದು, ಎಲ್ಲ ಹೇಳಿಬಿಟ್ಟೆ.

ಅವಳು ಅಳುತ್ತಾಳೆ, ಇಲ್ಲವೇ ಮುಖಕ್ಕೆ ಉಗಿಯುತ್ತಾಳೆ ಎಂದು ಕಾದೆ.

"ಎಷ್ಟು ಸಲ ಬಡಿದ್ರು?"

"ಹನ್ನೊಂದು" ಎಂದೆ. ಯೋಚಿಸಬೇಕಾಗಲೇ ಇಲ್ಲ.