ಹತ್ತರ ಡಬ್ಬಿ

ಬಾಗಿಲನ್ನು ಯಾರೋ ಮೂರು ಸಲ ಬಡಿದರು. ಹಿರಿಯಳಿಯ ತೆರೆದರೆ ಮಾವ. ಏನಿದ್ದರೂ ಮೆಟ್ಟಿಲ ಬುಡದಿಂದಲೇ ಕೂಗಿ ಹೇಳುವ ಮನುಷ್ಯ, ಇಂದು ತುಟಿ ಬಿಚ್ಚದೆ ಒಳಗೆ ಬಂದು, ತೋಳಿನ ಮೇಲಿದ್ದ ಬಿಳಿ ಹಾಸುಬಟ್ಟೆಯನ್ನು ಊಟದ ಮೇಜಿನ ಮೇಲೆ ಹರಡಿದರು. ಅದರ ನಟ್ಟನಡುವೆ ಅಂಗೈಯಗಲದ ಕಂದು ಕಲೆ. ಸೀದ ವಾಸನೆ ಕೋಣೆಯನ್ನೆಲ್ಲ ತುಂಬಿತು.

"ಎರಡನೇ ಡ್ರೈಯರ್‌ದು. ಕೆಳಗೆ ಬಾ," ಎಂದಷ್ಟೇ ಹೇಳಿ ಇಳಿದುಹೋದರು.

ಹಿರಿಯಳಿಯ ಊಟದ ಕೈಯನ್ನು ತೊಳೆಯುವಾಗ ಅವನ ಮುಖದಲ್ಲಿ ಸಣ್ಣ ನಗೆಯೊಂದು ಮೂಡಿತು. ಎರಡನೇ ಡ್ರೈಯರನ್ನು ಹೋದ ವಾರ ಬಿಚ್ಚಿ ಜೋಡಿಸಿದವನು ಅವನ ಷಡ್ಡಕ.

ಮಾವನ ಲಾಂಡ್ರಿಯ ಯಂತ್ರಕೋಣೆಯನ್ನು ಹನ್ನೆರಡು ವರ್ಷ ಕಣ್ಣಿನ ಹಾಗೆ ಕಾಯ್ದವನು ಹಿರಿಯಳಿಯ. ನಾದಿನಿಯ ಕೈಹಿಡಿದು ಷಡ್ಡಕ ಬಂದು ಎರಡು ತಿಂಗಳಾಗಿತ್ತಷ್ಟೇ. ಯಂತ್ರ ಕೆಮ್ಮಿದರೂ ಸಾಕು, "ಕಿರಿಯವನನ್ನ ಕರೀರಿ" ಎನ್ನುವುದು ಮಾವನಿಗೆ ಆಗಲೇ ಅಭ್ಯಾಸವಾಗಿಬಿಟ್ಟಿತ್ತು. ತಮಗೆ ವಯಸ್ಸಾಯಿತು, ಕೋಣೆಯ ಬೀಗದಕೈಯನ್ನು ತಿಂಗಳ ಕೊನೆಗೆ ಇಬ್ಬರಲ್ಲೊಬ್ಬನಿಗೆ ಒಪ್ಪಿಸುತ್ತೇನೆ ಎಂದೂ ಅವರು ಹೇಳಿದ್ದರು. ಅಂದಿನಿಂದ ಹಿರಿಯಳಿಯನಿಗೆ ಊಟ ರುಚಿಸುತ್ತಿರಲಿಲ್ಲ.

ಕೆಳಗೆ ಷಡ್ಡಕ ಡ್ರೈಯರಿನ ಹಿಂಬದಿಯ ತಗಡನ್ನು ಬಿಚ್ಚಿ, ಟಾರ್ಚು ಹಿಡಿದು ಕುಳಿತಿದ್ದ.

"ಭಾವ, ಹೀಟರ್ ಸರಿಯಾಗಿದೆ. ಗಾಳಿ ಕೊಳವೇಲೂ ಏನೂ ಕಟ್ಕೊಂಡಿಲ್ಲ."

"ನೀನು ನೋಡಿದ್ದು ಸಾಕು ಮಾರಾಯ. ಹೋದ ವಾರ ನೋಡಿದ್ದರ ಚಂದ ಮಹಡೀಲಿ ನನ್ನ ಮೇಜಿನ ಮೇಲೆ ಬಿದ್ದಿದೆ."

ಮಾವ ಕೈಕಟ್ಟಿ ನಿಂತು ನೋಡುತ್ತಿದ್ದರು. ನೋಡಲಿ ಎಂದೇ ಹಿರಿಯಳಿಯ ನಿಧಾನ ಮಾಡಿದ. ಡ್ರಮ್ಮಿನ ಬಿಸಿಯನ್ನು ಯಂತ್ರಕ್ಕೆ ತಿಳಿಸುವ ಸೆನ್ಸರ್ ಉಗುರಿನಷ್ಟು ದೊಡ್ಡದು. ಅದನ್ನು ಕಳಚಿ, ಎರಡು ತಂತಿಗಳನ್ನೂ ತನ್ನ ಹಳೆಯ ಮೀಟರಿಗೆ ಸಿಕ್ಕಿಸಿದ. ತಣ್ಣಗಿರುವಾಗ ಹತ್ತು ಸಾವಿರ ಓಮ್ ತೋರಿಸಬೇಕಾದ ಮುಳ್ಳು ಐವತ್ತು ಸಾವಿರದ ಬಳಿ ನಿಂತಿತು. ಬಿಸಿನೀರಿನ ಲೋಟದಲ್ಲಿ ಅದ್ದಿದ. ಬಿಸಿ ತಾಗಿದರೆ ಇಳಿಯಬೇಕಾದ ಮುಳ್ಳು ಚೂರೂ ತಡವರಿಸದೆ ಇಳಿಯಿತು.

"ಸೆನ್ಸರ್ ಕೆಟ್ಟಿಲ್ಲ ಮಾವ, ಇದು ಈ ಯಂತ್ರದ್ದೇ ಅಲ್ಲ. ಹೊಸ ಯಂತ್ರಗಳಿಗೆ ಹಾಕೋ ಐವತ್ತರದ್ದು. ಒಳಗೆ ಬೆಂಕಿಯಂತೆ ಕಾದಿದ್ರೂ 'ಇನ್ನೂ ತಣ್ಣಗಿದೆ, ಇನ್ನೂ ತಣ್ಣಗಿದೆ' ಅಂತ ಸುಳ್ಳು ಹೇಳ್ತಿತ್ತು. ಯಂತ್ರ ನಂಬಿ ಕಾಯಿಸ್ತಾನೇ ಹೋಗಿದೆ." ಷಡ್ಡಕನ ಕಡೆ ತಿರುಗಿದ. "ಅಳೆದು ಹಾಕಿದ್ಯಾ?"

"ಇಲ್ಲ ಭಾವ."

"ಕೇಳಿಸಿಕೊಂಡ್ರಾ ಮಾವ?" ಹಿರಿಯಳಿಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಯಾಕೆ ಅಳೀಲಿಲ್ಲ?" ಮಾವ ಕೇಳಿದರು.

"ಭಾವನ ಹತ್ತರ ಡಬ್ಬಿಯಿಂದ ತಗೊಂಡಿದ್ದು ಮಾವ. ಅಳೀದೆ ಒಂದು ತುಂಡು ತಂತೀನೂ ಅವರು ಒಳಗಿಡೋರಲ್ಲ. ಅವರು ಅಳೆದಿಟ್ಟಿದ್ದನ್ನ ನಾನು ಮತ್ತೆ ಅಳೆಯೋದು ಅಂದ್ರೆ... ಒಂಥರಾ ಅನ್ನಿಸ್ತು."

ಹಿರಿಯಳಿಯ ಆ ಮುಖದಲ್ಲಿ ಕುಹಕಕ್ಕಾಗಿ ಹುಡುಕಿದ. ಎಳ್ಳಷ್ಟೂ ಇರಲಿಲ್ಲ.

ಮಾವ ಗೋಡೆಯ ಹಲಗೆಯಿಂದ '೧೦' ಎಂದು ಬರೆದಿದ್ದ ಡಬ್ಬಿಯನ್ನು ಇಳಿಸಿ ಮೇಜಿನ ಮೇಲೆ ಬೋರಲು ಹಾಕಿದರು. ಐದು ಸೆನ್ಸರುಗಳು ಉರುಳಿದವು. ನೋಡಲು ಎಲ್ಲವೂ ಒಂದೇ ತಾಯಿಯ ಮಕ್ಕಳು. ಹಿರಿಯಳಿಯ ಒಂದೊಂದನ್ನೇ ಅಳೆದ. ಹತ್ತು. ಹತ್ತು. ಐವತ್ತು. ಅವನ ಕೈ ತಡೆಯಿತು. ಹತ್ತು. ಮತ್ತೆ ಐವತ್ತು.

ಕಿವಿ ಬಿಸಿಯಾಯಿತು. ಷಡ್ಡಕನಿಗೆ ಒಂದು ಹಲಗೆ ತೆರವು ಮಾಡಿಕೊಡು ಎಂದು ಮಾವ ಹೇಳಿದ ಸಂಜೆ, ಹತ್ತರದು, ಐವತ್ತರದು ಎರಡೂ ಡಬ್ಬಿಗಳಲ್ಲಿದ್ದುದನ್ನು ಒಂದೇ ಚೀಲಕ್ಕೆ ಸುರಿದುಕೊಂಡು ಮನೆಗೆ ಹೊತ್ತೊಯ್ದದ್ದು ನೆನಪಾಯಿತು. ಬರಿಗೈಯಲ್ಲಿ ಒದ್ದಾಡಲಿ ಬಡ್ಡೀಮಗ ಎಂದುಕೊಂಡಿದ್ದ. ಚೀಲ ಕಂಡ ಹೆಂಡತಿ, "ನಿಮ್ಮ ಹೊಟ್ಟೇಲೇ ಒಂದು ಡ್ರೈಯರ್ ಉರೀತಿದೆಯಲ್ರೀ, ಈ ಒದ್ದೆ ಬಟ್ಟೆಗಳನ್ನೂ ಅಲ್ಲೇ ಹಾಕ್ಲಾ?" ಎಂದು ಮಾನ ಕಳೆದಿದ್ದಳು. ಮರುದಿನ ಯಾರೂ ಬರುವ ಮುನ್ನ ಹಲ್ಲು ಕಚ್ಚಿಕೊಂಡು, ಕೈಗೆ ಬಂದದ್ದನ್ನು ಕೈಗೆ ಸಿಕ್ಕ ಡಬ್ಬಿಗೆ ತುಂಬಿದ್ದ. ಅಳೆಯುವ ತಾಳ್ಮೆ ಎಲ್ಲಿತ್ತು? ಕಂಡವರು ಯಾರೂ ಇರಲಿಲ್ಲ.

"ಇವನ್ನ ಬೆರೆಸಿದೋರು ಯಾರು?" ಮಾವನ ದನಿ ಗಡುಸಾಗಿತ್ತು.

ಷಡ್ಡಕ ಒಮ್ಮೆ ಭಾವನನ್ನು ನೋಡಿದ. ಆಮೇಲೆ ನೆಲ ನೋಡಿದ. "ನಾನೇ ತೆಗೆದಿಡುವಾಗ ಎಲ್ಲೋ ಕಲೆಸಿರಬೇಕು ಮಾವ. ತಪ್ಪು ನಂದೇ ಅಂತ ಇಟ್ಕೊಳ್ಳಿ."

ಮಾವ ಖಾಲಿ ಡಬ್ಬಿಯನ್ನು ನೆಟ್ಟಗಿಟ್ಟರು. ಬಳಿಕ ಅಂಗಿಯ ಜೇಬಿಗೆ ಕೈಹಾಕಿ ಕೋಣೆಯ ಬೀಗದಕೈಯನ್ನು ಹೊರತೆಗೆದು, ಹಿರಿಯಳಿಯನತ್ತ ಚಾಚಿದರು.

"ತಿಂಗಳ ಕೊನೇವರೆಗೆ ಯಾಕೆ ಕಾಯೋದು. ತಗೋ."

ಅವನ ಕೈ ಮೇಲೆದ್ದಿತು. ಮೀಟರಿನ ಮುಳ್ಳು ಇನ್ನೂ ಐವತ್ತರಲ್ಲೇ ನಿಂತಿತ್ತು. ಎದ್ದ ಕೈ ಬೀಗದಕೈಯನ್ನು ಮುಟ್ಟದೆ, ಅದನ್ನು ಹಿಡಿದಿದ್ದ ಮುದಿ ಮುಷ್ಟಿಯನ್ನು ಮೆಲ್ಲಗೆ ಮುಚ್ಚಿತು.

"ಬೆರೆಸಿದ್ದು ಅವನಲ್ಲ ಮಾವ, ನಾನು."