ಹಂಡನ ಗಂಟಲಲ್ಲಿ ಎಲುಬು ಇರಲಿಲ್ಲ

ಬಹಳ ವರ್ಷಗಳ ಹಿಂದೆ ಗುಡಗೇರಿಯ ಆಚೆ ಒಂದು ಸಣ್ಣ ಹಳ್ಳಿಯಲ್ಲಿ ಲಕ್ಷ್ಮಪ್ಪ ಎಂಬ ಕುರಿಗಾರನಿದ್ದ. ಮನೆಯಲ್ಲಿ ತಾಯಿ ಮೈಲಾರವ್ವ, ಹೆಂಡತಿ ಕೆಂಚವ್ವ, ಮತ್ತೆ ಹಂಡ. ಮೈಮೇಲೆ ಕಪ್ಪು ಬಿಳಿ ಮಚ್ಚೆಯಿದ್ದ ಆ ನಾಯಿ ಕಾವಲಿಗಿದ್ದರೆ ಕುರಿಹಟ್ಟಿಯ ಹತ್ತಿರ ತೋಳ ಸುಳಿಯುತ್ತಿರಲಿಲ್ಲ. ಲಕ್ಷ್ಮಪ್ಪ ತಾನು ಉಣ್ಣುವ ಮೊದಲು ರೊಟ್ಟಿ ಮುರಿದು ಹಂಡನಿಗೆ ಹಾಕುತ್ತಿದ್ದ. ಬಿಸಿಲೇರಿದ ಮೇಲೆ ನೆರಳಲ್ಲಿ ಕೂತು ಅದರ ಕಿವಿಯೊಳಗಿನ ಉಣ್ಣಿ ಹುಳ ಆರಿಸುತ್ತಿದ್ದ. ಇಷ್ಟೆಲ್ಲ ಮಾಡುವವನು ಹುಚ್ಚುನಾಯಿ ರೋಗದ ಸೂಜಿ ಮಾತ್ರ ಹಾಕಿಸಿರಲಿಲ್ಲ.

ಬಾಜೂ ಮನೆಯ ಮೆಹರುನಬಿ ಆಡು ಸಾಕಿದವಳು. ಅವಳು ತನ್ನ ನಾಯಿಯನ್ನು ವರ್ಷಕ್ಕೊಮ್ಮೆ ಕುಂದಗೋಳದ ದನದ ದವಾಖಾನೆಗೆ ಒಯ್ದು ಸೂಜಿ ಹಾಕಿಸಿಕೊಂಡು ಬರುತ್ತಿದ್ದಳು. ಹಂಡನನ್ನೂ ಕರೆದೊಯ್ಯುತ್ತೇನೆ ಅಂದರೆ ಲಕ್ಷ್ಮಪ್ಪ ನಗುತ್ತಿದ್ದ. ಕುರಿಗೆ ಸೂಜಿ ಹಾಕಿಸಿದರೆ ಮರಿ ಉಳಿಯುತ್ತವೆ, ನಾಯಿಗೆ ಹಾಕಿಸಿ ಏನು ಬಂತು ಎಂಬುದು ಅವನ ಮಾತು.

ಮುಂಗಾರು ಬಿತ್ತಿಗೆಯ ದಿನಗಳಲ್ಲಿ ಒಂದು ನರಿ ಹಾಡುಹಗಲೇ ಹೊಲದ ಬದುವಿನಿಂದ ಬಂದು ಹಂಡನ ಮೇಲೆ ಬಿದ್ದು ಮೂತಿ ಕಚ್ಚಿತು. ಹಂಡ ಅದನ್ನು ಅಟ್ಟಿಸಿಕೊಂಡು ಹೋಯಿತು. ನರಿ ಹಗಲಲ್ಲಿ ಹೀಗೆ ಮೈಮೇಲೆ ಬರುವುದಿಲ್ಲವಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಮೈಲಾರವ್ವ ಗಾಯಕ್ಕೆ ಸುಣ್ಣ ಅರಿಶಿನ ಮೆತ್ತಿದಳು. ಗಾಯ ಮಾಯಿತು. ಎಲ್ಲರೂ ಮರೆತರು.

ಶ್ರಾವಣದಲ್ಲಿ ಹಂಡ ರೊಟ್ಟಿ ಮುಟ್ಟದಾಯಿತು. ಕತ್ತಲ ಮೂಲೆ ಹುಡುಕಿ ಮಲಗುತ್ತಿತ್ತು. ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು, ಬೊಗಳಿದರೆ ದನಿ ಒಡೆದಂತೆ ಕೇಳುತ್ತಿತ್ತು. ಕೆಂಚವ್ವ ಗಂಜಿ ಮಾಡಿ ಕೈಯಿಂದಲೇ ಬಾಯಿಗೆ ಹಚ್ಚಿದರೂ ಅದಕ್ಕೆ ನುಂಗಲಾಗಲಿಲ್ಲ. ಗಂಟಲಲ್ಲಿ ಎಲುಬು ಸಿಕ್ಕಿರಬೇಕು ಎನ್ನುತ್ತ ಮೈಲಾರವ್ವ ಕೈಯಿಂದ ಅದರ ಜೊಲ್ಲು ಒರೆಸಿದಳು. ಲಕ್ಷ್ಮಪ್ಪ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿ ತೆರೆಸಿ, ಒಳಗೆ ಕೈ ಹಾಕಿದ. ಎಲುಬು ಇರಲಿಲ್ಲ. ಕೈ ತೆಗೆಯುವಾಗ ಹಲ್ಲು ಬೆರಳಿಗೆ ತಾಗಿ ಗೀರಿತು. ಅವನು ಅದನ್ನು ಧೋತರಕ್ಕೆ ಒರೆಸಿಕೊಂಡ.

ಮರುದಿನ ಹಂಡ ಸತ್ತಿತು. ಲಕ್ಷ್ಮಪ್ಪ ಅದನ್ನು ಹೊಲದಲ್ಲಿ ಹೂಳಿ ಬಂದು, ಅಂದು ಊಟ ಮಾಡಲಿಲ್ಲ.

ಸುದ್ದಿ ಕೇಳಿ ಬಂದ ಮೆಹರುನಬಿಯ ಕಣ್ಣು ಮೊದಲು ಅವನ ಕೈಮೇಲೆ ಬಿತ್ತು.

"ಅಣ್ಣಾ, ಮೊದಲ ಆ ಬೆರಳನ್ನ ಸಬಕಾರ ಹಚ್ಚಿ ಹರಿಯೋ ನೀರಾಗ ಚೊಲೋತ್ನ್ಯಾಗಿ ತೊಳಿ. ಆಮ್ಯಾಲ ಇವತ್ತ ದವಾಖಾನಿಗೆ ಹೋಗು. ಮೂವರೂ ಹೋಗ್ರಿ."

"ಹಂಡ ನನಗ ಕಚ್ಚಿಲ್ಲವ್ವಾ. ಹಲ್ಲು ಒಂದೀಟು ತಾಗೇತಿ, ಅಷ್ಟ."

"ಜೊಲ್ಲು ಗೀರಿಗೆ ತಾಗಿದ್ರೂ ಕಚ್ಚಿದಂಗ ಅಣ್ಣಾ. ಡಾಕ್ಟರು ನನ್ನ ಮುಂದ ಹೇಳ್ಯಾರ."

ಮೈಲಾರವ್ವ ಒಪ್ಪಲಿಲ್ಲ. ಆಗಿನ ಕಾಲದಲ್ಲಿ ಹೊಟ್ಟೆಗೆ ಚುಚ್ಚುತ್ತಿದ್ದ ಸೂಜಿಗಳ ಕಥೆ ಕೇಳಿ ಅವಳು ಹೆದರಿದ್ದಳು. ಕಚ್ಚದೆ ಇದ್ದುದಕ್ಕೆ ಮಗ ಯಾಕೆ ಆ ನೋವು ತಿನ್ನಬೇಕು? ಪಕ್ಕದ ಊರಲ್ಲಿ ಒಬ್ಬರು ಸೊಪ್ಪಿನ ರಸ ಕೊಡುತ್ತಾರೆ, ಅದೇ ಸಾಕು ಎಂದಳು. ದವಾಖಾನೆಗೇ ಹೋಗೂಣು ಎಂದು ಕೆಂಚವ್ವ ಒಮ್ಮೆ ಹೇಳಿ ನೋಡಿದಳು. ಅತ್ತೆ ತಿರುಗಿ ನೋಡಿದ್ದಕ್ಕೆ ಸುಮ್ಮನಾದಳು. ಲಕ್ಷ್ಮಪ್ಪ ರಸ ಕುಡಿದು ಬಂದ. ಗೀರು ಮಾಯಿತು.

ದಸರೆ ಮುಗಿದಿತ್ತು. ಲಕ್ಷ್ಮಪ್ಪನ ಆ ಬೆರಳು ಜುಮುಜುಮು ಅನ್ನತೊಡಗಿ ಜ್ವರ ಬಂತು. ಕೆಂಚವ್ವ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಅವನು ತಂಬಿಗೆಯನ್ನು ತುಟಿಯವರೆಗೆ ತಂದ. ಗಂಟಲು ಹಿಡಿದುಕೊಂಡಿತು, ಮೈಯೆಲ್ಲ ನಡುಗಿತು, ತಂಬಿಗೆ ಕೈಜಾರಿತು. ಬಾಯಾರಿಕೆ ಇದೆ, ಕುಡಿಯಲಾಗುತ್ತಿಲ್ಲ. ಬಾಗಿಲಿಂದ ಗಾಳಿ ಬೀಸಿದರೂ ಬೆಚ್ಚಿಬೀಳುತ್ತಿದ್ದ. ಕೆಂಚವ್ವನ ಕಣ್ಣ ಮುಂದೆ ಗಂಜಿ ನುಂಗಲಾರದ ಹಂಡ ಬಂದು ನಿಂತಿತು.

ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಒಯ್ದರು. ಈ ರೋಗ ಒಮ್ಮೆ ಮೈಯಲ್ಲಿ ಕಾಣಿಸಿಕೊಂಡರೆ ಉಳಿಸುವ ಔಷಧ ಇಲ್ಲ ಎಂದು ಡಾಕ್ಟರು ಕೆಂಚವ್ವನನ್ನು ಹೊರಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು. ನಾಯಿಯ ಬಾಯಿ ಮುಟ್ಟಿದ ನೀವೂ ನಿಮ್ಮ ಅತ್ತೆಯೂ ಇಂದೇ ಸೂಜಿ ಶುರು ಮಾಡಿರಿ ಎಂದೂ ಹೇಳಿದರು. ಲಕ್ಷ್ಮಪ್ಪನಿಗೆ ಇನ್ನೂ ಎಚ್ಚರವಿತ್ತು. ಹತ್ತಿರ ಬಂದ ಹೆಂಡತಿಯನ್ನು ಕೈಯಾಡಿಸಿ ತಡೆದ.

"ದೂರ ನಿಂದ್ರು ಬೇ. ನನ್ನ ಜೊಲ್ಲು ನಿನಗ ಸಿಡೀಬಾರದು. ನೀ ಸೂಜಿ ತಗೊ, ಅವ್ವಗೂ ಹಾಕಸು."

ಅವಳ ಜೊತೆ ಅವನು ಆಡಿದ ಕಡೆಯ ಮಾತು ಅದು.

ಲಕ್ಷ್ಮಪ್ಪ ಸತ್ತು ದಿನಕರ್ಮ ಮುಗಿಯುವ ಮೊದಲೇ ಊರವರು ಬಡಿಗೆ ಹಿಡಿದು ಓಣಿಯ ನಾಯಿಗಳನ್ನು ಹುಡುಕಿ ಹೊರಟರು. ಮುಂದೆ ಇದ್ದವನು ಊರ ಹಿರಿಯ ಹೊಳಬಸಪ್ಪ. ಮೆಹರುನಬಿಯ ಅಂಗಳಕ್ಕೂ ಬಂದರು. ಅವಳು ಸೂಜಿ ಹಾಕಿಸಿದ ನಾಯಿಯನ್ನು ಅಪ್ಪಿಕೊಂಡು ಕೂತಿದ್ದಳು. ಗದ್ದಲ ಕೇಳಿ ಕೆಂಚವ್ವ ಹೊರಬಂದಳು. ಬಂದವಳೇ ಮೆಹರುನಬಿಯ ಮುಂದೆ ಅಡ್ಡ ನಿಂತಳು. ಅವಳ ಹಿಂದಿನಿಂದ ಮೈಲಾರವ್ವ ಗೋಡೆ ಹಿಡಿದುಕೊಂಡು ಬಂದಳು.

"ಬಡಿಗಿ ಕೆಳಗಿಡೋ ಹೊಳಬಸಪ್ಪ," ಎಂದಳು ಮುದುಕಿ. "ಹಂಡ ನನ್ನ ಮಗನ್ನ ಕೊಲ್ಲಲಿಲ್ಲ. ಅದಕ್ಕೂ ಆ ರೋಗ ಬಂದಿತ್ತು, ಅದೂ ನೀರಿಲ್ಲದಂಗ ಸತ್ತಿತು. ಅದಕ್ಕ ಸೂಜಿ ಹಾಕಸ್ಲಿಲ್ಲ ನಾವು. ಮಗ ಕೈ ಗೀರಸ್ಕೊಂಡಾಗ ಹೋಗಬ್ಯಾಡ ಅಂದಾಕಿ ನಾನು. ಹೊಡಿಯೂದಿದ್ರ ನನ್ನ ಹೊಡಿ."

ಹೊಳಬಸಪ್ಪ ಬಡಿಗೆಯನ್ನು ಗೋಡೆಗೆ ಆನಿಸಿ ಅಲ್ಲೇ ಕಟ್ಟೆಯ ಮೇಲೆ ಕೂತ. ಮರುದಿನ ಅವನೇ ಕುಂದಗೋಳಕ್ಕೆ ಹೋಗಿ ದನದ ಡಾಕ್ಟರನ್ನು ಕಂಡು ಬಂದ. ಡಾಕ್ಟರು ಚಾವಡಿಯ ಮುಂದೆ ಕೂತು ಊರ ನಾಯಿಗಳಿಗೆಲ್ಲ ಸೂಜಿ ಹಾಕಿದರು. ಹೆದರಿ ಒದ್ದಾಡುವ ನಾಯಿಗಳನ್ನು ಹಿಡಿದುಕೊಡಲು ಕೆಂಚವ್ವ ಮತ್ತು ಮೆಹರುನಬಿ ನಿಂತರು. ಅತ್ತೆ ಸೊಸೆ ಇಬ್ಬರೂ ತಮ್ಮ ಸೂಜಿಗಳನ್ನು ಒಂದೂ ಬಿಡದೆ ಪೂರ್ತಿ ತೆಗೆದುಕೊಂಡರು. ಹೊಟ್ಟೆ ಬಾತು ನೋಯುತ್ತಿತ್ತು. ಇಷ್ಟೇ ನೋವಿಗೆ ಹೆದರಿದೆನಲ್ಲ ಎಂದು ಮೈಲಾರವ್ವ ಪ್ರತಿಸಲ ಅಳುತ್ತಿದ್ದಳು.

ಅಲ್ಲಿಂದ ಮುಂದೆ ಕುರಿ ಹೊಡೆದುಕೊಂಡು ಹೋಗುತ್ತಿದ್ದವಳು ಕೆಂಚವ್ವ.

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮ ಮನೆಯ ಬಾಗಿಲಲ್ಲೂ ಒಂದು ನಾಯಿ ಮಲಗಿದ್ದೀತು. ಅದಕ್ಕೆ ನೀರು, ನೆರಳು, ಹೊಟ್ಟೆತುಂಬ ಕೂಳು ಕೊಡುವಷ್ಟೇ ಮುಖ್ಯ ಈ ಸೂಜಿ. ಮರಿಗೆ ಮೂರು ತಿಂಗಳು ತುಂಬಿದಾಗ ಹಾಕಿಸಿರಿ, ಆಮೇಲೆ ವರ್ಷ ವರ್ಷವೂ ಹಾಕಿಸಿರಿ. ನಾಯಿ ಕೂಳು ಬಿಟ್ಟು ಜೊಲ್ಲು ಸುರಿಸಿದರೆ ಅದರ ಬಾಯಿಗೆ ಕೈ ಹಾಕಬೇಡಿ, ಮಕ್ಕಳನ್ನು ದೂರವಿಟ್ಟು ದನದ ಡಾಕ್ಟರಿಗೆ ತಿಳಿಸಿರಿ. ಹಲ್ಲು ತಾಗಲಿ, ಉಗುರು ಗೀರಲಿ, ಗಾಯಕ್ಕೆ ಜೊಲ್ಲು ಹತ್ತಲಿ, ಸುಣ್ಣ ಖಾರ ಮೆತ್ತದೆ ಸಾಬೂನು ಹಚ್ಚಿ ಹರಿಯುವ ನೀರಲ್ಲಿ ಬಹಳ ಹೊತ್ತು ತೊಳೆದು, ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿರಿ. ಈಗ ಸೂಜಿ ಹೊಟ್ಟೆಗಲ್ಲ, ತೋಳಿಗೆ ಹಾಕುತ್ತಾರೆ; ಹೇಳಿದಷ್ಟನ್ನೂ ಪೂರ್ತಿ ಹಾಕಿಸಿಕೊಳ್ಳಿರಿ. ಮನೆಯಲ್ಲಿ ಯಾರಾದರೂ ಬೇಡ ಅಂದರೂ ನೀವು ಸುಮ್ಮನಾಗಬೇಡಿ.