ಎಲ್ಲರಿಗೂ ಇಪ್ಪತ್ತು

"ಏಯ್, ಕೈ ತೆಗಿಯೇ! ಯಾರ್ ಮನೇ ಹುಡ್ಗಿ ನೀನು? ಮೊದ್ಲು ಅದ್ ಬೊಗಳು."

ಹನ್ನೆರಡನೇ ರೂಮಿನ ಕೃಷ್ಣಪ್ಪನವರ ನಾಡಿ ಹಿಡಿಯಲು ಹೋಗಿದ್ದ ನನ್ನ ಕೈ ಅಲ್ಲೇ ನಿಂತಿತು. ತೊಡೆಯ ಮೂಳೆ ಮುರಿದು, ಆಪರೇಷನ್ ಆಗಿ ಅವರಿಗೆ ಅಂದು ಮೂರನೇ ದಿನ. ಬೆಂಗಳೂರಿನಂಚಿನ ಉಲ್ಲಾಳದ ಹಳೇ ಜಮೀನುದಾರರು. ಹೊಲವಿದ್ದ ಕಡೆ ಈಗ ನಾಲ್ಕಂತಸ್ತಿನ ಬಾಡಿಗೆ ಮನೆಗಳು. ನಾನಾದರೂ ಬಾಯಿ ಮುಚ್ಚಿಕೊಂಡಿರಬಹುದಿತ್ತು. ನರ್ಸಿಂಗ್ ಎರಡನೇ ವರ್ಷದ ಜಾಣೆ, ವೈವಾದಲ್ಲಿ ಪ್ರಶ್ನೆ ಕೇಳಿದರೇನೋ ಎಂಬಂತೆ ಪಟಪಟ ಉತ್ತರ ಕೊಟ್ಟೆ.

"ಕೋಕಿಲಾ ಅಂತ ಸಾರ್. ಈಗ ಸುಂಕದಕಟ್ಟೇಲಿದೀವಿ. ಅಜ್ಜಿ ನಿಮ್ಮೂರೋರೇ, ಮುನಿತಾಯಮ್ಮ."

"ಯಾವ ಮುನಿತಾಯಿ? ನಮ್ ಕೊಟ್ಟಿಗೇಲಿ ಸಗಣಿ ಬಾಚ್ತಿದ್ಳಲ್ಲ... ಆ ಹೊಲಗೇರಿಯೋಳಾ? ಥೂ ನಿಮ್ಮವ್ವನ್! ಬಿಳೀ ಬಟ್ಟೆ ಹಾಕ್ಬುಟ್ರೆ... ಮೈ ಮುಟ್ಬೋದು ಅನ್ಕಂಡ್ಯಾ? ಹೋಗ್ ಕೈ ತೊಳ್ಕೋ. ಬ್ಯಾರೆಯೋಳ್ನ ಕಳ್ಸು."

ಅಷ್ಟು ಹೇಳುವಷ್ಟರಲ್ಲಿ ಅವರು ಎರಡು ಸಲ ನಿಲ್ಲಿಸಿ ಉಸಿರೆಳೆದುಕೊಂಡರು. ನಾನು ಮುಗುಳ್ನಕ್ಕೆ. ರೋಗಿ ಬೈದರೆ ನಗಬೇಕು ಎಂಬ ಪಾಠದಲ್ಲಿ ನನಗೆ ಐವತ್ತಕ್ಕೆ ನಲವತ್ತೆರಡು. ಮನೆಯಲ್ಲಿ ಅವ್ವನ ಮೇಲೆ ಹಾರಾಡುವ ನಾಲಿಗೆ ಡ್ಯೂಟಿಯಲ್ಲಿ ಮಾತ್ರ ಬಹಳ ಮರ್ಯಾದಸ್ಥ.

ನಾಡಿ ಹಿಡಿದಂತೆ ನಟಿಸುತ್ತಾ, ರೋಗಿಗೆ ಗೊತ್ತಾಗದ ಹಾಗೆ ಎದೆ ನೋಡಿ ಉಸಿರು ಎಣಿಸಬೇಕು ಎಂದು ಪುಸ್ತಕದಲ್ಲಿದೆ. ನಮ್ಮ ವಾರ್ಡಿನಲ್ಲಿ ಯಾರೂ ಎಣಿಸುವುದಿಲ್ಲ. ಹದಿನೆಂಟು ಹಾಸಿಗೆಗೆ ಇಬ್ಬರು ವಿದ್ಯಾರ್ಥಿನಿಯರು. ಸಂಬಳದ ನರ್ಸುಗಳು ದುಬಾರಿಯೆಂದೇ ರಾಜಾಜಿನಗರದ ಈ ಆಸ್ಪತ್ರೆಯವರು ಪಕ್ಕದಲ್ಲಿ ಕಾಲೇಜು ತೆರೆದಿದ್ದಾರೆ. ಹಾಗಾಗಿ ಉಸಿರಾಟದ ಕಾಲಮ್ಮಿನಲ್ಲಿ ಎಲ್ಲರಿಗೂ ನಿಮಿಷಕ್ಕೆ ಇಪ್ಪತ್ತು, ಆರೋಗ್ಯವಂತರ ಲೆಕ್ಕ. ಬೆಳಿಗ್ಗೆಯೇ ಡಿಸ್ಚಾರ್ಜ್ ಆಗಿ ಮನೆ ಸೇರಿದ್ದ ಮುದುಕಿಯೊಬ್ಬರಿಗೆ ಮಧ್ಯಾಹ್ನ ಇಪ್ಪತ್ತು ಬರೆದವಳು ನಾನು. ಅದನ್ನು ಯಾರೂ ಕೇಳಲಿಲ್ಲ.

ಈಗ ಮುಟ್ಟುವಂತಿಲ್ಲ. ಬಾಗಿಲ ಬಳಿ ನಿಂತು ಮಾಡಬಹುದಾದ ಕೆಲಸ ಉಸಿರು ಎಣಿಸುವುದೊಂದೇ. ನನ್ನ ಯೂನಿಫಾರ್ಮಿಗೆ ಪಿನ್ ಹಾಕಿದ್ದ ವಿಜಯನಗರ ಫುಟ್‌ಪಾತಿನ ವಾಚು ನೋಡುತ್ತಾ, ಎರಡು ವರ್ಷದಲ್ಲಿ ಮೊದಲ ಸಲ, ಪೂರ್ತಿ ಒಂದು ನಿಮಿಷ ಎಣಿಸಿದೆ. ಮೂವತ್ತನಾಲ್ಕು. ಮತ್ತೆ ಎಣಿಸಿದೆ. ಮೂವತ್ತನಾಲ್ಕೇ. ಕೃಷ್ಣಪ್ಪನವರ ಮಡಿಯಿಂದ ನಾನು ಕಲಿತ ನರ್ಸಿಂಗ್ ಇದು. ಕಾಗದ ಹುಡುಕಲು ಪುರುಸೊತ್ತಿಲ್ಲದ ನಮಗೆ ಅಂಗೈಯೇ ನೋಟ್‌ಬುಕ್ಕು. ರೂಮು ಹನ್ನೆರಡು, 8.10, 34 ಎಂದು ಬಾಲ್‌ಪೆನ್ನಿನಲ್ಲಿ ಬರೆದುಕೊಂಡೆ.

"ಸಿಸ್ಟರ್, ಹನ್ನೆರಡನೇ ರೂಮಲ್ಲಿ ಉಸಿರು ಮೂವತ್ನಾಲ್ಕು ಬರ್ತಿದೆ. ಡಾಕ್ಟ್ರಿಗೆ ಹೇಳ್ಬೇಕು."

ವಾರ್ಡಿನ ಇನ್‌ಚಾರ್ಜ್ ರಾಗಿಣಿ ಸಿಸ್ಟರ್ ತಲೆ ಎತ್ತಲಿಲ್ಲ. "ನಿನ್ನೆ ಚಾರ್ಟಲ್ಲಿ ಎಷ್ಟಿದೆ?"

"ಇಪ್ಪತ್ತು."

"ಮೊನ್ನೆ?"

"ಇಪ್ಪತ್ತು ಸಿಸ್ಟರ್. ನಾನೇ ಬರ್ದಿದ್ದು." ಮೊನ್ನೆ ಅವರು ಆಪರೇಷನ್ನಿನ ಮಂಪರಿನಲ್ಲಿದ್ದರು. ನನ್ನ ಕೈ ಅವರಿಗೆ ಮೈಲಿಗೆಯಾಗಿರಲಿಲ್ಲ.

"ಮತ್ತೆ ಈಗೇನ್ ಬಂತೇ ನಿಂಗೆ ದೊಡ್ರೋಗ? ರೌಂಡ್ಸ್‌ಗೆ ಬಂದಾಗ ಡಾಕ್ಟ್ರೇ ನೋಡ್ಕೋತಾರೆ. ಕೋಟಾದಲ್ಲಿ ಸೀಟ್ ತಗೊಂಡ್ ಬಂದು ನಮಗೇ ಪಾಠ ಹೇಳ್ತೀಯಾ? ಇಪ್ಪತ್ತು ಬರಿ. ಲಾಗ್‌ಬುಕ್ಕಿಗೆ ನನ್ ಸೈನೇ ಬೇಕು, ಜ್ಞಾಪಕ ಇರ್ಲಿ."

ಆ ಸೈನ್ ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಹಾಲ್ ಟಿಕೆಟ್ ಇಲ್ಲದಿದ್ದರೆ, ಮಾಗಡಿ ರಸ್ತೆ ಗುಡಿಸುವ ಅವ್ವನ ಪಕ್ಕದಲ್ಲಿ ನನಗೂ ಒಂದು ಪೊರಕೆ. ಇಪ್ಪತ್ತು ಬರೆದೆ. ಅಕ್ಷರ ಮುತ್ತಿನ ಹಾಗೆ ಬಂತು. ಡ್ಯೂಟಿ ಡಾಕ್ಟರ ನಂಬರು ಗೋಡೆಯ ಮೇಲೇ ಇತ್ತು, ಮೊಬೈಲು ನನ್ನ ಜೇಬಿನಲ್ಲೇ ಇತ್ತು. ಹೆದರಿ ಸುಮ್ಮನಾದೆ ಎಂದರೆ ಅರ್ಧ ನಿಜ. ಅಜ್ಜಿಯನ್ನು ಬೈದ ಬಾಯಿ ಸ್ವಲ್ಪ ಹೊತ್ತು ಏದುಸಿರು ಬಿಡಲಿ ಎಂದು ಒಳಗೊಳಗೇ ಖುಷಿಯೂ ಆಗಿತ್ತು. ಹೋಗಿ ಪಕ್ಕದ ರೂಮಿನ ಬೆಡ್‌ಪ್ಯಾನ್ ತೆಗೆದೆ.

ಹನ್ನೊಂದಕ್ಕೆ ಕೃಷ್ಣಪ್ಪನವರ ತುಟಿ ನೀಲಿಯಾಯಿತು, ಎದೆಬಡಿತ ನಿಂತಿತು. ಹತ್ತಿರ ಇದ್ದವಳು ನಾನೊಬ್ಬಳೇ. ಅವರ ಎದೆಯ ಮೇಲೆ ಹೊಲಗೇರಿಯ ಎರಡೂ ಕೈ ಊರಿ ಒತ್ತಿದೆ, ಬೆವರು ಅವರ ಮುಖದ ಮೇಲೆ ತೊಟ್ಟಿಕ್ಕುವವರೆಗೂ ಒತ್ತಿದೆ. ಈ ಸಲ ಅವರು ಬೇಡವೆನ್ನಲಿಲ್ಲ. ಎದೆಬಡಿತ ಮರಳಿತು, ಎಚ್ಚರ ಮರಳಲಿಲ್ಲ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿದೆ, ಬೆಳಿಗ್ಗೆಯೇ ಗೊತ್ತಾಗಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಗೊಣಗುತ್ತಾ ಡಾಕ್ಟರು ಅವರನ್ನು ಐಸಿಯುಗೆ ಸಾಗಿಸಿದರು.

ಮಗ ಧ್ರುವ ಬಂದು ಕೌಂಟರ್ ಗುದ್ದಿ ಕೂಗಾಡಿದ. ರಾಗಿಣಿ ಸಿಸ್ಟರ್ ಚಾರ್ಟನ್ನು ಅವನ ಮುಂದೆ ಹಿಡಿದರು.

"ನೋಡಿ ಸಾರ್, ಎಂಟು ಗಂಟೆಗೂ ಇಪ್ಪತ್ತೇ ಇದೆ. ನಾರ್ಮಲ್. ಸಡನ್ನಾಗಿ ಆಗಿದ್ದು, ಯಾರ್ ಏನ್ ಮಾಡಕಾಗುತ್ತೆ?"

ನನ್ನ ಮುತ್ತಿನಂಥ ಅಕ್ಷರ ಓದಿ ಧ್ರುವ ಬೆಂಚಿನ ಮೇಲೆ ಕುಸಿದ. ಸಿಸ್ಟರ್ ನನ್ನನ್ನು ಕರೆದು ಲಾಗ್‌ಬುಕ್ಕಿಗೆ ಇಡೀ ತಿಂಗಳ ಸೈನ್ ಒಟ್ಟಿಗೇ ಹಾಕಿದರು.

"ಗುಡ್ ಕಣೇ. ಅದೇನದು ಕೈ ತುಂಬ ಇಂಕು? ಹೋಗ್ ಕೈ ತೊಳ್ಕೋ."

ಬೆಳಿಗ್ಗೆಯಿಂದ ಅದೇ ಮಾತು ಎರಡನೇ ಸಲ. ಮೂಲೆಯ ಸಿಂಕಿಗೆ ಹೋಗಿ ನಲ್ಲಿ ತಿರುಗಿಸಿದೆ. ಕೈ ತೊಳೆಯುವ ಆರು ಹಂತ ನನಗೆ ಬಾಯಿಪಾಠ. ಕಾಲೇಜು ಮನಸ್ಸಿಟ್ಟು ಕಲಿಸಿದ್ದು ಅದೊಂದನ್ನೇ. ಬೆವರಿಗೆ ರೂಮಿನ ನಂಬರು ಅಳಿಸಿಹೋಗಿತ್ತು. 8.10 ಇತ್ತು, 34 ಇತ್ತು. ನೀರಿಗೆ ಕೈ ಒಡ್ಡದೆ ಬೆಂಚಿನ ಕಡೆ ನಡೆದೆ.

"ಅಣ್ಣ, ಆ ಚಾರ್ಟ್ ಸುಳ್ಳು. ಬರ್ದೋಳು ನಾನೇ."

"ಏಯ್ ಕೋಕಿಲಾ! ಬಾರೇ ಈ ಕಡೆ, ಮುಂಡೇ!" ಸಿಸ್ಟರ್ ಕಿರುಚಿದರು.

"ಎಂಟೂ ಹತ್ತಕ್ಕೆ ನಿಮ್ಮಪ್ಪಂಗೆ ಮೂವತ್ನಾಲ್ಕಿತ್ತು. ಸಿಸ್ಟರ್ಗೆ ಹೇಳ್ದೆ. ಇಪ್ಪತ್ತು ಬರಿ ಅಂದ್ರು. ಬರ್ದೆ."

ಅಂಗೈ ಅವನ ಮುಖದ ಮುಂದೆ ಹಿಡಿದೆ. ಧ್ರುವ ಎದ್ದು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದ. ಹಿಂದಿನಿಂದ ನನ್ನ ಲಾಗ್‌ಬುಕ್ಕಿನ ಹಾಳೆ ಹರಿಯುವ ಸದ್ದು ಬಂತು. ನಾನು ಕೈ ಎಳೆದುಕೊಳ್ಳಲಿಲ್ಲ. ಮೂಲೆಯಲ್ಲಿ ನಲ್ಲಿ ಸುರಿಯುತ್ತಲೇ ಇತ್ತು.